ಬಾಗಿದ ತೊಲೆಯನ್ನು ಬಿಸಾಡಬೇಡಿ, ಉಬ್ಬು ಮೇಲೆ ಮಾಡಿ ಇಡಿ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೆಂಚಿನ ಮನೆ ಕಟ್ಟಿಸುವ ಕೆಲವರು ತಮ್ಮ ಹೊಲದ ನೀಲಗಿರಿಯನ್ನೇ ಕಡಿಸಿ ಸಾಮಿಲ್‌ಗೆ ತರುತ್ತಾರೆ. ಕೊಯ್ದ ತೊಲೆ ಗರಗಸ ದಾಟುವಾಗಲೇ ಬಾಗಿರುತ್ತದೆ. "ಸಾಮಿಲ್‌ನೋರು ಮರ ಕೆಡಿಸಿಬಿಟ್ರು" ಅಂತ ಜಗಳ ಶುರುವಾಗುತ್ತದೆ. ಆದರೆ ಸಾಮಾನ್ಯವಾಗಿ ಇದು ಅವರ ತಪ್ಪಲ್ಲ. ನಿಂತ ನೀಲಗಿರಿಯಲ್ಲಿ ಹೊರಭಾಗ ಎಳೆತದಲ್ಲಿರುತ್ತದೆ, ತಿರುಳು ಒತ್ತಡದಲ್ಲಿರುತ್ತದೆ. ದಿಮ್ಮಿಯನ್ನು ನಡುವೆ ಸೀಳಿದ ಕೂಡಲೇ ಎರಡೂ ಹೋಳುಗಳ ತುದಿಗಳು ಹೊರಕ್ಕೆ ಬಾಗುತ್ತವೆ.

ತೊಲೆಯ ತುದಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿ. ಉಬ್ಬಿದ ಕಡೆಗೆ ಸೀಮೆಸುಣ್ಣದಲ್ಲಿ ಬಾಣ ಹಾಕಿ. ಏರಿಸುವಾಗ ಆ ಬಾಣ ಮೇಲೆ ನೋಡಬೇಕು. ಹೆಂಚಿನ ಭಾರ ಬಿದ್ದಾಗ ಉಬ್ಬು ಇಳಿದು ತೊಲೆ ಮಟ್ಟಕ್ಕೆ ಬರುತ್ತದೆ. ಉಲ್ಟಾ ಇಟ್ಟರೆ ಮೊದಲೇ ಇದ್ದ ಬಾಗಿಗೆ ಭಾರದ ಜಗ್ಗೂ ಸೇರುತ್ತದೆ. ಮರ ಮೊದಲ ದಿನ ಜಗ್ಗಿದಷ್ಟಕ್ಕೇ ನಿಲ್ಲುವುದಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಜಗ್ಗುತ್ತದೆ. ಹಸಿ ಮರದಲ್ಲಿ ಅದು ಮೊದಲಿನ ಎರಡರಷ್ಟಾಗುವುದೂ ಉಂಟು.

10 ಅಡಿಗೆ ಅರ್ಧ ಇಂಚಿನವರೆಗೆ ಉಬ್ಬಿದ್ದರೆ ನಾನು ತೊಲೆಗೇ ಹಾಕಿಸುತ್ತೇನೆ. ಜಾಸ್ತಿ ಇದ್ದರೆ ಚಿಕ್ಕ ಅಂಕಣಕ್ಕೆ, ಅಂದರೆ ಕಂಬಗಳ ನಡುವೆ ಅಂತರ ಕಡಿಮೆ ಇರುವ ಕಡೆಗೆ, ಕತ್ತರಿಸುತ್ತೇವೆ. ಉದ್ದಕ್ಕೂ ಒಂದೇ ಸಮ ಬಾಗಿದ ಮರವನ್ನು ನಡುವೆ ತುಂಡು ಮಾಡಿದರೆ, 1 ಇಂಚಿನ ಬಾಗು ಪ್ರತಿ ತುಂಡಿನಲ್ಲೂ ಕಾಲು ಇಂಚಿಗೆ ಇಳಿಯುತ್ತದೆ. ಅರ್ಧ ಇಂಚಿಗಲ್ಲ!

ಕೆಲಸ ಕೆಡುವುದು ಗುರುತು ಹಾಕುವಾಗ. ಅಂಚೇ ಡೊಂಕಿರುವಾಗ ಅಂಚಿನಿಂದ ಅಳೆದರೆ ಜೋಡಣೆ ಹೇಗೆ ಕೂರುತ್ತದೆ? ಎರಡೂ ತುದಿಗಳ ಮಧ್ಯಬಿಂದು ಗುರುತಿಸಿ, ಬಣ್ಣದ ದಾರ ಬಿಗಿದು ಗೆರೆ ಹೊಡೆಯಿರಿ. ಕಂಬದ ಮೇಲೆ ಕೂರುವ ಜಾಗ, ಜಂತೆ (ತೊಲೆಯ ಮೇಲೆ ಸಾಲಾಗಿ ಕೂರುವ ಸಣ್ಣ ಮರ) ಕಚ್ಚುವ ಜಾಗ, ಎಲ್ಲವನ್ನೂ ಆ ಗೆರೆಯಿಂದಲೇ ಅಳೆಯಬೇಕು. ಈ ಒಂದು ಗೆರೆ ಹೊಡೆಯಲು ಐದು ನಿಮಿಷ ಸಾಕು. ಬಿಟ್ಟರೆ ಮೇಲೇರಿಸಿದ ಮೇಲೆ ಬೆಣೆ ಹೊಡೆಯುತ್ತಾ ದಿನ ಕಳೆಯಬೇಕು.

ಜಂತೆಗಳಿಗೂ ಉಬ್ಬು ಮೇಲೆಯೇ. ಹೆಚ್ಚುಕಡಿಮೆ ಒಂದೇ ಬಾಗಿನವನ್ನು ಪಕ್ಕಪಕ್ಕ ಜೋಡಿಸಿ. ಒಂದು ಮಾತ್ರ ಎದ್ದು ನಿಂತರೆ ಅಲ್ಲಿ ಹೆಂಚು ಬಾಯಿ ಬಿಡುತ್ತದೆ, ಮಳೆ ಒಳಗೆ ಬರುತ್ತದೆ. ಎದ್ದ ಭಾಗವನ್ನು ಮೇಲಿನಿಂದ ಸ್ವಲ್ಪ ಕೆತ್ತಬಹುದು. ನಡುವಿನ ಕೆಳಮೈಗೆ ಮಾತ್ರ ಉಳಿ ಹಾಕಲೇಬೇಡಿ. ಭಾರ ಬಿದ್ದಾಗ ಅತಿ ಹೆಚ್ಚು ಎಳೆಸಿಕೊಳ್ಳುವ ನಾರು ಅಲ್ಲೇ ಇರುವುದು. ಪಕ್ಕಕ್ಕೆ ಅಲ್ಪಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ಹೆಂಚು ಕೂರುವ ರೀಪು ಪಟ್ಟಿ ಹೊಡೆಯುವಾಗ ಬಿಗಿದ ದಾರದ ನೇರಕ್ಕೆ ಎಳೆದು ಮೊಳೆ ಹಾಕಿದರಾಯಿತು.

ಕಂಬಕ್ಕೆ ಮಾತ್ರ ನೆಟ್ಟಗಿರುವುದೇ ಬೇಕು. ಬಾಗಿದ ಕಂಬ ಭಾರ ಬಿದ್ದಷ್ಟೂ ಇನ್ನೂ ಬಾಗುತ್ತದೆ. ತಿರುಚಿದ ಮರವನ್ನಂತೂ ನಾನು ಚಾವಣಿಗೆ ಸೇರಿಸುವುದೇ ಇಲ್ಲ. ಅದು ಒಣಗುತ್ತಾ ಜೋಡಣೆಯನ್ನೇ ಬಿಚ್ಚಿಹಾಕುತ್ತದೆ.