ಸೆರೆ ಬಿಟ್ಟ ಮೇಲಿನ ದಿನಗಳು

ನಮ್ಮ ಕಲಬುರಗಿ ಕಡೆ ಸೆರೆ, ಅಂದರೆ ಕುಡಿತ, ಬಿಡೋದು ದೊಡ್ಡ ಮಾತಲ್ಲ. ಶ್ರಾವಣ ಬಂದರೆ ಎಷ್ಟೋ ಜನ ಬಿಡುತ್ತಾರೆ, ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಬಾರ್ ಕಡೆ ತಿರುಗಿಯೂ ನೋಡಲ್ಲ. ಮಾಲೆ ತೆಗೆದ ಸಂಜೆ ಏನಾಗುತ್ತದೆ ಅಂತ ಆಳಂದದಲ್ಲಿ ಯಾರನ್ನ ಕೇಳಿದರೂ ಹೇಳುತ್ತಾರೆ.

ಬಿಡಿಸುವ ಪ್ರಯತ್ನ ಹಳೆಯದು. ಇಳಕಲ್ಲಿನ ಮಹಾಂತ ಸ್ವಾಮಿಗಳು 1970ರ ದಶಕದಲ್ಲೇ ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡು ಕಾಳು ಬಿಟ್ಟು ಜನರ ಚಟ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಧರ್ಮಸ್ಥಳ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ಗೊತ್ತಲ್ವಾ? ಅದರಲ್ಲಿ ನನಗೆ ಹಿಡಿಸಿದ್ದು ಆ ಎಂಟು ದಿನ ಅಲ್ಲ, ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿ ಅವರನ್ನ ಮತ್ತೆ ಮತ್ತೆ ಸೇರಿಸೋದು.

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು, ಅವರಲ್ಲಿ ಒಬ್ಬ ಡಾಕ್ಟರೇ, ಶುರು ಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಗುಟ್ಟೂ ಇದೇ: ಬಿಟ್ಟವನು ಬಿಡುವವನ ಜೊತೆ ಕೂತು ಮಾತಾಡೋದು. ಇದರಿಂದ ಲಾಭ ಇದೆಯಾ ಅಂತ ಬಹಳ ವರ್ಷ ಜಗಳ ನಡೆಯಿತು. ವೈದ್ಯಕೀಯ ಅಧ್ಯಯನಗಳನ್ನ ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರನ್ ಸಂಸ್ಥೆಯ 2006ರ ವರದಿ ಗಟ್ಟಿ ಪುರಾವೆ ಇಲ್ಲ ಅಂದಿತ್ತು. 2020ರಲ್ಲಿ 27 ಅಧ್ಯಯನ, 10,000ಕ್ಕೂ ಜಾಸ್ತಿ ಜನರ ಲೆಕ್ಕ ನೋಡಿ ಮಾತು ಬದಲಿಸಿತು. ಚಿಕಿತ್ಸೆಯ ಭಾಗವಾಗಿ ಇಂಥ ಸಭೆಗಳಿಗೆ ಕ್ರಮವಾಗಿ ಸೇರಿಸಲಾದವರಲ್ಲಿ ವರ್ಷದ ಹೊತ್ತಿಗೆ 100ಕ್ಕೆ 42 ಜನ ಪೂರ್ತಿ ಬಿಟ್ಟಿದ್ದರು, ಬೇರೆ ಚಿಕಿತ್ಸೆಯಲ್ಲಿ 35. ಅರ್ಧಕ್ಕಿಂತ ಹೆಚ್ಚು ಜನ ಎರಡೂ ಕಡೆ ಮತ್ತೆ ಕುಡಿದಿದ್ದಾರೆ, ಅದನ್ನ ಮುಚ್ಚಿಡೋದು ಬೇಡ. ಆದರೂ ಆ ಏಳು ಮನೆಯವರಿಗೆ ಅದು ಸಣ್ಣ ಲೆಕ್ಕ ಅಲ್ಲ.

ಇನ್ನು ಕುಡಿತ ಬಿಡಿಸುವ ಗುಳಿಗೆ. ಡೈಸಲ್ಫಿರಾಮ್ 1948ರಿಂದ ಇದೆ. ಅದನ್ನ ತಗೊಂಡು ಕುಡಿದರೆ ವಾಂತಿ, ಎದೆ ಢವಢವ. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸೋದು ಮಾತ್ರ ಜೀವಕ್ಕೇ ಅಪಾಯ.

ದಿನಾ ಕುಡಿಯುವವರು ಒಮ್ಮೆಲೇ ಬಿಡೋದೂ ಹಾಗೇ. ನಮ್ಮ ಓಣಿಯ ಕಾಕಾ ಒಬ್ಬರು ಡಾಕ್ಟರ್‌ಗೆ ತೋರಿಸದೆ ಮನೆಯಲ್ಲೇ ಬಿಟ್ಟರು. ಎರಡನೇ ದಿನ ಚಹಾದ ಬಸಿ ಎರಡೂ ಕೈಯಲ್ಲಿ ಹಿಡಿದರೂ ಅಂಗಿ ಮೇಲೆಲ್ಲ ಚೆಲ್ಲಿತು, ರಾತ್ರಿ ಫಿಟ್ಸ್ ಬಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ಆಮೇಲೆ ಶಿಬಿರಕ್ಕೆ ಹೋದರು, ಬಂದು ಎರಡು ಸಲ ಜಾರಿದರು. ಈಗ ಸಂತೆಯ ದಿನ, ಕೈಯಲ್ಲಿ ದುಡ್ಡಿರುವ ಹೊತ್ತಿಗೆ, ಶಿಬಿರದಲ್ಲಿ ಪರಿಚಯವಾದ ಹುಡುಗನೊಬ್ಬ ಫೋನ್ ಮಾಡುತ್ತಾನೆ. ಸೆರೆ ಸುದ್ದಿ ಎತ್ತೋದೇ ಇಲ್ಲ. "ಕಾಕಾ, ಊಟ ಆತೇನ್ರಿ?" ಅಂತಾನೆ, ಅಷ್ಟೇ.