ಹೊಸ ಡ್ರೈವರ್ ಆಮೇಲೆ, ಮೊದಲು ಪೌಡರ್ ಡಬ್ಬ ತನ್ನಿ

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಕಾಫಿ ಕೊಯ್ಲು ಮುಗಿದಿರುತ್ತದೆ, ಕಣದಲ್ಲಿ ಒಣಗಿದ್ದು ಮೂಟೆ ಸೇರಿರುತ್ತದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಯಾವಾಗ ಬರುತ್ತೋ ಅಂತ ಆಕಾಶ ನೋಡುವುದೇ ತೋಟದವರ ಕೆಲಸ. ಮೂರು ತಿಂಗಳು ಮೂಲೆ ಹಿಡಿದಿದ್ದ ಗಾಲ್ಫ್ ಬ್ಯಾಗ್ ಆಗ ಧೂಳು ಕೊಡವಿಕೊಂಡು ಜೀಪಿನ ಹಿಂದೆ ಹತ್ತುತ್ತದೆ. ಎರಡು ದಿನ ಆಡುತ್ತಾರೆ. ಮೂರನೇ ದಿನ ನನಗೆ ಫೋನ್. "ಚೆಂಡು ಮೊದಲಿನ ಹಾಗೆ ಹೋಗ್ತಾನೇ ಇಲ್ಲ ಮಾರಾಯ. ಇಪ್ಪತ್ತು ಯಾರ್ಡ್ ಕಮ್ಮಿ ಆಗಿದೆ. ಯಾವ ಡ್ರೈವರ್ ತಗೊಳ್ಳಲಿ ಹೇಳು."

ಯಾಕೆ ಕಮ್ಮಿ ಆಯ್ತು ಅಂತ ಕೇಳುವವರು ಅಪರೂಪ. ಯಾವುದನ್ನು ಕೊಳ್ಳಲಿ ಅನ್ನುವುದೇ ಪ್ರಶ್ನೆ. ಡ್ರೈವರ್ ಅಂದರೆ ಚೆಂಡನ್ನು ತೀರಾ ದೂರಕ್ಕೆ ಹೊಡೆಯಲು ಬಳಸುವ, ದೊಡ್ಡ ತಲೆಯ ಗಾಲ್ಫ್ ಕೋಲು; ಈ ಕೋಲುಗಳಿಗೆ ಕ್ಲಬ್ ಅನ್ನುತ್ತೇವೆ.

ನಾನು ಹದಿನಾಲ್ಕನೇ ವಯಸ್ಸಿಗೆ ಕ್ಯಾಡಿಯಾಗಿ ಬ್ಯಾಗ್ ಹೊತ್ತವನು. ಈಗ ಕಲಿಸುತ್ತೇನೆ. ಮಡಿಕೇರಿ, ಬಿಟ್ಟಂಗಾಲ, ಪಾಲಿಬೆಟ್ಟ ಅಂತ ಕೊಡಗಿನಂಥ ಇಷ್ಟು ಪುಟ್ಟ ಜಿಲ್ಲೆಯಲ್ಲಿ ಮೂರು ಕಡೆ ಗಾಲ್ಫ್ ಇದೆ. ಆಡುವವರಲ್ಲಿ ಪ್ಲಾಂಟರ್‌ಗಳು, ರಿಟೈರ್ ಆದ ಮಿಲಿಟರಿಯವರು, ಬೆಂಗಳೂರಿಂದ ವೀಕೆಂಡಿಗೆ ಬರುವವರು ಜಾಸ್ತಿ. ಎಲ್ಲರೂ ಒಳ್ಳೆಯವರೇ. ಆದರೆ ಡ್ರೈವರ್ ವಿಷಯ ಬಂದರೆ ಯಾರೂ ಮಾತು ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಅಮ್ಮತ್ತಿ ಕಡೆಯ ಒಬ್ಬ ಪ್ಲಾಂಟರ್ ಬಂದರು. ವಯಸ್ಸು ಐವತ್ತೆಂಟು, ಗಟ್ಟಿಮುಟ್ಟಾದ ಆಳು. ನಾನು ಅವರನ್ನು ಅಂಕಲ್ ಅನ್ನುತ್ತೇನೆ. ಐದು ವರ್ಷದಲ್ಲಿ ಮೂರನೇ ಡ್ರೈವರ್, ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. "ಅದು ಹಾಗೇ ಇರಲಿ ಅಂಕಲ್, ಹಳೆಯದನ್ನೇ ಕೊಡಿ" ಅಂದೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಮುಖಕ್ಕೆ ಹಾಕುವ ಪೌಡರಿನ ಡಬ್ಬ ಒಂದಿರುತ್ತದೆ. ಡ್ರೈವರಿನ ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ, ಒರೆಸಿ ತೆಳ್ಳಗೆ ಪೌಡರ್ ಸವರಿದೆ. ಹೊಡೆಯಿರಿ ಅಂದೆ. ಹೊಡೆದರು. ಪೌಡರಿನ ಮೇಲೆ ಚೆಂಡು ತಾಗಿದ ಗುರುತು ದುಂಡಗೆ ಮೂಡಿತು. ಎಲ್ಲಿ? ಶಾಫ್ಟ್, ಅಂದರೆ ಉದ್ದನೆ ಕೋಲು, ತಲೆಗೆ ಸೇರುವ ಹೀಲ್ ಕಡೆಗೆ, ನಡುವಿನಿಂದ ಹೆಬ್ಬೆರಳಿನ ಅಗಲದಷ್ಟು ದೂರ, ಅದೂ ಕೆಳಗೆ. ಒರೆಸಿ ಮತ್ತೆ ಸವರಿದೆ. ಹತ್ತು ಚೆಂಡು ಹೊಡೆಸಿದೆ. ಎಂಟರ ಗುರುತು ಅಲ್ಲೇ ಸುತ್ತಮುತ್ತ. ಒಂದು ಹೀಲಿನ ಎದುರು ಬದಿಯ ಟೋ ತುದಿಯಲ್ಲಿ. ಒಂದೇ ಒಂದು ನಡುಮಧ್ಯ ಬಿದ್ದಿತ್ತು. ಆ ಚೆಂಡು ಎಲ್ಲಕ್ಕಿಂತ ಮುಂದೆ ಹೋಗಿ ಬಿದ್ದಿತ್ತು ಅಂತ ಬೇರೆ ಹೇಳಬೇಕಾ?

"ಎಲ್ಲಿ ತಾಗಿದ್ರೆ ಏನು, ಏಟು ಏಟೇ ಅಲ್ವಾ?" ಅಂದರು ಅಂಕಲ್.

ಅಲ್ಲ. ಈ ಅಂಕಣ ಬರೆಯುತ್ತಿರುವುದೇ ಅದಕ್ಕೆ. ಸ್ವಲ್ಪ ಲೆಕ್ಕ ಇದೆ, ಸಹಿಸಿಕೊಳ್ಳಿ.

ನಿಮ್ಮ ಡ್ರೈವರಿನ ತಲೆ ಗಂಟೆಗೆ 90 ಮೈಲಿ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ಚೆಂಡು ನಡುಮಧ್ಯಕ್ಕೆ ತಾಗಿದರೆ ಅದರ ಸುಮಾರು 1.48 ಪಟ್ಟು ವೇಗದಲ್ಲಿ, ಅಂದರೆ 133 ಮೈಲಿಯಲ್ಲಿ ಹೊರಡುತ್ತದೆ. ಹೀಲ್ ಕಡೆ ತಾಗಿದಾಗ ಈ ಪಟ್ಟು ಇಳಿಯುತ್ತದೆ. 1.35ಕ್ಕೆ ಇಳಿಯಿತು ಅನ್ನಿ, ಚೆಂಡಿನ ವೇಗ 121 ಚಿಲ್ಲರೆ. ಸ್ವಿಂಗ್ ಅದೇ, ತಾಕತ್ತು ಅದೇ, ಡ್ರೈವರ್ ಅದೇ. ಚೆಂಡಿನ ವೇಗ ಒಂದು ಮೈಲಿ ಇಳಿದರೆ ಹೆಚ್ಚುಕಮ್ಮಿ ಎರಡು ಯಾರ್ಡ್ ದೂರ ಕಮ್ಮಿ ಆಯಿತು. ಅಂಕಲ್ ಹುಡುಕುತ್ತಿದ್ದ ಇಪ್ಪತ್ತು ಯಾರ್ಡ್ ಇಲ್ಲೇ ಬಿದ್ದಿದೆ, ನೋಡಿ.

ಈಗ ಅದನ್ನು ತಾಕತ್ತಿನಿಂದಲೇ ವಾಪಸ್ ತರುತ್ತೇನೆ ಅಂದರೆ? ಅದೇ ಹೀಲಿಗೆ ತಾಗಿಸಿಕೊಂಡು ಚೆಂಡು 133ರಲ್ಲಿ ಹೊರಡಬೇಕಾದರೆ ತಲೆಯ ವೇಗ 98ಕ್ಕೂ ಮೇಲೆ ಏರಬೇಕು. ಐವತ್ತೆಂಟರಲ್ಲಿ ಎಂಟು ಮೈಲಿ ವೇಗ ಏರಿಸುವುದು ಹುಡುಗಾಟವಲ್ಲ. ಹಾಗೆ ಏರಿಸಲು ಹೋದಾಗ ಮೈ ಬಿಗಿಯಾಗುತ್ತದೆ, ಚೆಂಡು ಇನ್ನಷ್ಟು ಹೀಲಿಗೆ ತಾಗುತ್ತದೆ. ಜೋರಾಗಿ ಹೊಡೆದಷ್ಟೂ ಕಮ್ಮಿ ಹೋಗುವುದು ಹೀಗೆ.

ವೇಗ ಇಳಿಯುವುದೊಂದೇ ಅಲ್ಲ. ಹೀಲಿಗೆ ತಾಗಿದಾಗ ಡ್ರೈವರಿನ ತಲೆ ಆ ಕ್ಷಣಕ್ಕೆ ತಿರುಚಿಕೊಳ್ಳುತ್ತದೆ. ಚೆಂಡಿಗೆ ಅಡ್ಡ ಸುತ್ತು ಹತ್ತುತ್ತದೆ. ಬಲಗೈ ಆಟಗಾರರಿಗೆ ಅದು ಬಲಕ್ಕೆ ಬಾಗಿ ಸಿಲ್ವರ್ ಓಕ್ ಮರಗಳ ಕಡೆ ಹೋಗುತ್ತದೆ. ಟೋಗೆ ತಾಗಿದರೆ ಎಡಕ್ಕೆ ಬಾಗುತ್ತದೆ. ಕೆಳಗೆ ತಾಗಿದರೆ ತಗ್ಗಾಗಿ ಹೊರಟು, ಹಿಂದುಸುತ್ತು ಜಾಸ್ತಿಯಾಗಿ, ದೂರ ಹೋಗದೆ ಬೀಳುತ್ತದೆ. ನಡುವಿಗಿಂತ ಚೂರು ಮೇಲೆ ತಾಗಿದರೆ ಮಾತ್ರ ಬೇಸರ ಬೇಡ. ಎತ್ತರ ಸಿಗುತ್ತದೆ, ಸುತ್ತು ಕಮ್ಮಿ, ಎಷ್ಟೋ ಸಲ ಅದೇ ಒಳ್ಳೆ ಏಟು.

ಹೊಸ ಡ್ರೈವರ್ ಏನೂ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ತಪ್ಪು ಜಾಗಕ್ಕೆ ತಾಗಿದಾಗ ಹೊಸವು ಹಳೆಯವಕ್ಕಿಂತ ಸ್ವಲ್ಪ ಕ್ಷಮಿಸುತ್ತವೆ, ನಿಜ. ಆದರೆ ಫೇಸ್ ಎಷ್ಟು ಪುಟಿಯಬೇಕು ಅನ್ನುವುದಕ್ಕೆ ನಿಯಮವೇ ಮಿತಿ ಹಾಕಿದೆ. ತಲೆಯ ಗಾತ್ರಕ್ಕೂ 2004ರಿಂದ 460 ಸಿಸಿ ಮಿತಿ ಇದೆ. ನಿಮ್ಮ ಹತ್ತು ವರ್ಷದ ಹಳೆ ಡ್ರೈವರೂ ಬಹುಶಃ ಆ ಮಿತಿಯ ಹತ್ತಿರವೇ ಇದೆ. ನಡುಮಧ್ಯಕ್ಕೆ ತಾಗಿದಾಗ ಹೊಸದು ಮೂವತ್ತು ಯಾರ್ಡ್ ಜಾಸ್ತಿ ಕೊಡುತ್ತದೆ ಅಂದರೆ ನಾನಂತೂ ನಂಬುವುದಿಲ್ಲ.

ಸರಿ, ನಮ್ಮೂರಲ್ಲಿ ಯಾಕೆ ಇಷ್ಟು ಜನಕ್ಕೆ ತಪ್ಪು ಜಾಗಕ್ಕೆ ತಾಗುತ್ತದೆ? ನನ್ನ ಅನುಮಾನ ಹಾಕಿಯ ಮೇಲೆ. ಬೈಯಬೇಡಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬಂದರೆ ನಾನೂ ಕೆಲಸ ಬಿಟ್ಟು ಗ್ಯಾಲರಿಯಲ್ಲಿ ಕೂರುವವನೇ. ಮೊಮ್ಮಗನ ಜೊತೆ ಅಜ್ಜನೂ ಸ್ಟಿಕ್ ಹಿಡಿದು ಇಳಿಯುವ ಆಟ ಅದು. ಆದರೆ ಹಾಕಿಯಲ್ಲಿ ಚೆಂಡು ನೆಲದ ಮೇಲಿರುತ್ತದೆ. ಭಾರ ಮುಂದಿನ ಕಾಲಿಗೆ ಹಾಕಿ, ಮೈ ಬಗ್ಗಿಸಿ, ಚೆಂಡಿನ ಮೇಲೇ ಹೋಗಿ ಬಡಿಯುತ್ತೇವೆ. ಡ್ರೈವರಿಗೆ ಚೆಂಡು ಟೀ ಮೇಲೆ, ಅಂದರೆ ನೆಲಕ್ಕೆ ನೆಟ್ಟ ಪುಟ್ಟ ಗೂಟದ ಮೇಲೆ ನಿಂತಿದೆ. ಇಲ್ಲಿ ಕ್ಲಬ್ ತನ್ನ ತೀರಾ ತಗ್ಗಿನ ಜಾಗ ದಾಟಿ ಮೇಲೇರುತ್ತಾ ಬಂದು ಚೆಂಡನ್ನು ಮುಟ್ಟಬೇಕು. ಹಾಕಿ ಮೈಗೆ ಇದು ಒಗ್ಗುವುದಿಲ್ಲ. ಆಡುವವನ ತಲೆ ಚೆಂಡಿಗಿಂತ ಮುಂದೆ ಹೋಗುತ್ತದೆ, ಭಾರ ಉಂಗುಷ್ಠಕ್ಕೆ ಜಾರುತ್ತದೆ, ಕೈಗಳು ಮೈಯಿಂದ ದೂರ ಹೋಗುತ್ತವೆ. ಆಮೇಲೆ ಹೀಲಿಗೆ ತಾಗದೆ ಇನ್ನೆಲ್ಲಿಗೆ ತಾಗಬೇಕು? ಡ್ರೈವರಿನ ನೆತ್ತಿಯ ಪೇಂಟ್ ಮೇಲೆ ಗೀರು ಬಿದ್ದಿದ್ದರೆ ಅದೂ ಇದೇ ಕಾಯಿಲೆ. ಮೇಲಿಂದ ಕಡಿದಿದ್ದೀರಿ, ಕಾಡು ಕಡಿಯುವ ಕತ್ತಿ ಬೀಸಿದ ಹಾಗೆ.

ಅಂಕಲ್‌ಗೆ ನಾನು ಮಾಡಿಸಿದ್ದು ಇಷ್ಟೇ. ಚೆಂಡನ್ನು ಎಡ ಹಿಮ್ಮಡಿಯ ಒಳಭಾಗದ ನೇರಕ್ಕೆ ಇಡಿಸಿದೆ. ಟೀ ಎತ್ತರಿಸಿ, ಅರ್ಧ ಚೆಂಡು ಡ್ರೈವರಿನ ನೆತ್ತಿಗಿಂತ ಮೇಲೆ ಕಾಣುವ ಹಾಗೆ ಮಾಡಿದೆ. ಬಲ ಭುಜ ಎಡಕ್ಕಿಂತ ಸ್ವಲ್ಪ ಕೆಳಗೆ. ಆಮೇಲೆ ಎರಡು ಟೀ ನೆಟ್ಟೆ. ಒಂದರ ಮೇಲೆ ಆಡುವ ಚೆಂಡು. ಅದರಾಚೆ, ಕಾಲಿಂದ ದೂರದ ಕಡೆಗೆ, ಇನ್ನೊಂದು ಚೆಂಡು. ನಡುವೆ ಎರಡು ಬೆರಳು ಜಾಗ. ಒಳಗಿನದನ್ನು ಹೊಡೆಯಬೇಕು, ಆಚೆಯದನ್ನು ಮುಟ್ಟಬಾರದು. ಮೊದಲ ಐದಾರು ಸಲ ಎರಡೂ ಹಾರಿದವು. ಅಂಕಲ್ ಕೊಡವ ತಕ್ಕಿನಲ್ಲಿ ಏನೋ ಅಂದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹತ್ತನೇ ಸಲಕ್ಕೆ ಆಚೆಯ ಚೆಂಡು ಅಲುಗಲಿಲ್ಲ. ಗುರುತು ಫೇಸಿನ ನಡುವಿಗೆ ಬಂದಿತ್ತು. ಕಡಿಯುವುದನ್ನು ನಿಲ್ಲಿಸಲು ಚೆಂಡಿಗಿಂತ ಒಂದಡಿ ಮುಂದೆ, ಹೊಡೆಯುವ ದಿಕ್ಕಿನಲ್ಲೇ, ಚೆಂಡು ಬರುವ ಖಾಲಿ ರಟ್ಟಿನ ಡಬ್ಬಿ ಇಟ್ಟೆ. ಮೇಲಿಂದ ಕಡಿದರೆ ಡಬ್ಬಿ ಹಾರುತ್ತದೆ. ಮೇಲೇರುತ್ತಾ ಹೊಡೆದರೆ ಡಬ್ಬಿ ಉಳಿಯುತ್ತದೆ. ಗಟ್ಟಿ ವಸ್ತು ಇಡಬೇಡಿ, ಕ್ಲಬ್ ಹಾಳು, ಕೈಗೂ ಏಟು.

ಹಿಡಿತದ ಬಗ್ಗೆ ಒಂದು ಮಾತು. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವವರನ್ನು ನೋಡಿ. ಗುರಿಕಾರ ಕೋವಿಯನ್ನು ಹಿಸುಕುವುದಿಲ್ಲ, ಕುದುರೆಯನ್ನು ಎಳೆದಾಡುವುದಿಲ್ಲ. ಅದೇ ಮನುಷ್ಯ ಡ್ರೈವರ್ ಹಿಡಿದರೆ ಹಾವಿನ ಕುತ್ತಿಗೆ ಹಿಡಿದ ಹಾಗೆ ಹಿಡಿಯುತ್ತಾನೆ. ಮುಂಗೈ ಕಲ್ಲಾದರೆ ಕ್ಲಬ್ಬಿನ ತಲೆ ಬೀಸಿ ಬರುವುದಿಲ್ಲ. ಇದರಲ್ಲಿ ಗ್ರಿಪ್ಪಿನ, ಅಂದರೆ ಕೋಲಿನ ಹಿಡಿಗೆ ಹಾಕಿದ ಹೊದಿಕೆಯ, ತಪ್ಪೂ ಇರುತ್ತದೆ. ನಮ್ಮ ಮಳೆಗಾಲಕ್ಕೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಬ್ಯಾಗಿನಲ್ಲೇ ಬಿಟ್ಟ ಗ್ರಿಪ್ಪಿನ ಗತಿ ಏನು? ನುಣುಪಾದ ಗ್ರಿಪ್ ಜಾರುತ್ತದೆ ಅಂತ ಕೈ ತಾನಾಗಿ ಬಿಗಿಯುತ್ತದೆ. ಡ್ರೈವರ್ ಬದಲಿಸುವ ದುಡ್ಡಿನ ಒಂದು ಚೂರಲ್ಲಿ ಗ್ರಿಪ್ ಬದಲಿಸಬಹುದು.

ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ಓರೆಯಾಗಿರುವ ಕೋನ, ಅದರ ಬಗ್ಗೆ ಜಗಳ ಆಡಿ ಸಾಕಾಗಿದೆ. 9 ಡಿಗ್ರಿ ಅಂದರೆ ಗಂಡಸರದ್ದು, 12 ಅಂದರೆ ಅಜ್ಜಂದಿರದ್ದು ಅಂತ ಯಾರು ಹೇಳಿಕೊಟ್ಟರೋ. ಸ್ವಿಂಗ್ ನಿಧಾನವಾದಷ್ಟೂ ಚೆಂಡು ಗಾಳಿಯಲ್ಲಿ ನಿಲ್ಲಲು ಲಾಫ್ಟ್ ಬೇಕು. ಮುಗಿಯಿತು.

ಇನ್ನು ಕೆಲವರ ದೂರ ನಿಜವಾಗಿ ಕಮ್ಮಿಯೇ ಆಗಿರುವುದಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಸಾವಿರ ಅಡಿ ಮೇಲೆ ಹೋದರೆ ಸುಮಾರು ಶೇಕಡ ಒಂದು ಜಾಸ್ತಿ ಅನ್ನುವುದು ಸ್ಥೂಲ ಲೆಕ್ಕ. ಇಲ್ಲಿ 200 ಯಾರ್ಡ್ ಹೊಡೆಯುವವರು ಘಾಟಿ ಇಳಿದು ಮಂಗಳೂರಲ್ಲಿ ಆಡಿದರೆ ಎಂಟು ಯಾರ್ಡ್‌ನಷ್ಟು ಕಮ್ಮಿ ಆಗುವುದು ಸಹಜ. ಆಮೇಲೆ "ಸೆಕೆಗೆ ಗಾಳಿ ಭಾರ ಆಗಿತ್ತು" ಅನ್ನುತ್ತಾರೆ. ತೇವದ ಗಾಳಿ ಒಣಗಾಳಿಗಿಂತ ಚೂರು ಹಗುರ, ಭಾರ ಅಲ್ಲ. ಎಷ್ಟು ಸಲ ಹೇಳಿದರೂ ಇದನ್ನು ನಂಬುವವರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಉರುಳುವುದೇ ಇಲ್ಲ. ಮಾರ್ಚ್‌ನ ಗಟ್ಟಿ ನೆಲದಲ್ಲಿ ಇಳಿಜಾರಿಗೆ ಉರುಳಿದ ಒಂದು ಡ್ರೈವನ್ನೇ ಜೀವಮಾನವಿಡೀ "ನನ್ನ ದೂರ" ಅಂದುಕೊಂಡರೆ ನಾನೇನು ಮಾಡಲಿ? ಗಾಳಿಯಲ್ಲಿ ಎಷ್ಟು ಹೋಯಿತು ಅನ್ನುವುದನ್ನು ಮಾತ್ರ ಹೋಲಿಸಿ.

ಗುರುತು ನಡುವಿಗೇ ಬೀಳುತ್ತಿದೆ, ಆದರೂ ವರ್ಷದಿಂದ ವರ್ಷಕ್ಕೆ ದೂರ ಇಳಿಯುತ್ತಿದೆ ಅಂದರೆ ಅದು ಬೇರೆ ವಿಷಯ. ಸೊಂಟ ಮೊದಲಿನಷ್ಟು ತಿರುಗುತ್ತಿಲ್ಲ ಅಂತ ಇರಬಹುದು. ನಾನು ಡಾಕ್ಟರ್ ಅಲ್ಲ. ಬೆನ್ನು ಅಥವಾ ಮಂಡಿ ನೋವಿದ್ದರೆ ಮೊದಲು ಅವರನ್ನು ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ. ನೋವು ಇಟ್ಟುಕೊಂಡು ಜೋರಾಗಿ ಬೀಸುವವರಿಗೆ ನಾನು ಕಲಿಸುವುದಿಲ್ಲ.

ಅಂಕಲ್ ಈಗಲೂ ಬರುತ್ತಾರೆ. ಮೂರನೇ ಡ್ರೈವರ್ ಅಳಿಯನಿಗೆ ಹೋಯಿತು. ಅಳಿಯನಿಗೂ ಹೀಲಿಗೇ ತಾಗುತ್ತಿದೆ.

ಕೊನೆಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಪೌಡರ್ ಮುದ್ದೆಯಾಗಿ ಫೇಸಿಗೆ ಅಂಟಿಕೊಳ್ಳುತ್ತದೆ. ಆಗ ಚೆಂಡನ್ನು ಒರೆಸಿ ಒಣಗಿಸಿ, ಅದರ ಮೇಲೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ದಪ್ಪ ಚುಕ್ಕೆ ಇಟ್ಟು, ಚುಕ್ಕೆ ಕ್ಲಬ್ಬಿನ ಕಡೆ ಬರುವ ಹಾಗೆ ಇಡಿ. ಹೊಡೆದ ಮೇಲೆ ಚುಕ್ಕೆ ಫೇಸಿನಲ್ಲಿ ಅಚ್ಚಾಗಿರುತ್ತದೆ. ವೈಟ್‌ಬೋರ್ಡ್ ಮಾರ್ಕರ್, ಮತ್ತೆ ಹೇಳುತ್ತೇನೆ. ಕಾಫಿ ಮೂಟೆಗೆ ನಂಬರ್ ಬರೆಯುವ ಮಾರ್ಕರ್ ತಂದು ಒಬ್ಬರು ಫೇಸಿಗೇ ನೇರ ಬಳಿದಿದ್ದರು. ಸೀಮೆಎಣ್ಣೆ ಹಾಕಿ ಉಜ್ಜಿ ಉಜ್ಜಿ ನನ್ನ ಅರ್ಧ ಬೆಳಗ್ಗೆ ಹೋಯಿತು.