ಮೊಹಮ್ಮದ್ ಅಲಿ ರಸ್ತೆಯಿಂದ ಕ್ಯಾನ್ವಾಸಿನವರೆಗೆ

ಮುಂಬೈ ಕನ್ನಡಿಗರಿಗೆ ಚಿತ್ರಕಲೆ ಎಂದೊಡನೆ ನೆನಪಾಗುವವರು ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಇಲ್ಲಿ ನೆಲೆನಿಂತ ಕೆ. ಕೆ. ಹೆಬ್ಬಾರರು. ಅವರ ಕುಣಿಯುವ ರೇಖೆಗೆ ಒಗ್ಗಿದ ಕಣ್ಣು, ಕಾಲಾಘೋಡಾದ ಗ್ಯಾಲರಿಗಳಲ್ಲಿ ತಲೆಕೆಳಗಾಗಿ ಬೀಳುವ ಮನುಷ್ಯನನ್ನೋ ತುಂಡಾದ ಕೈಕಾಲುಗಳನ್ನೋ ಕಂಡಾಗ ತಬ್ಬಿಬ್ಬಾಗುತ್ತದೆ. 'ಕಲಾವಿದನ ಕನಸು' ಎಂದು ಮುಂದೆ ಸಾಗುವವರೇ ಹೆಚ್ಚು. ಆ ವಿವರಣೆಯನ್ನು ನಾನು ಒಪ್ಪಲಾರೆ. ಇಂಥ ಚಿತ್ರಗಳ ಬೇರು ಇರುವುದು ಎಚ್ಚರದಲ್ಲಿ ಕಂಡ ಹಿಂಸೆಯಲ್ಲಿ.

ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ ಫ್ರಾನ್ಸಿನ ಸೇಂಟ್ ಡಿಜಿಯೆಯ ಆಸ್ಪತ್ರೆಯಲ್ಲಿ ಮನಸ್ಸು ಕದಡಿದ ಸೈನಿಕರ ಆರೈಕೆಯಲ್ಲಿದ್ದ ವೈದ್ಯಕೀಯ ವಿದ್ಯಾರ್ಥಿ ಆಂದ್ರೆ ಬ್ರೆತೊನ್. ಯುದ್ಧವೇ ನಾಟಕ, ಗಾಯಗಳೆಲ್ಲ ಬರೀ ಬಣ್ಣ ಎಂದು ನಂಬಿದ್ದ ಸೈನಿಕನೊಬ್ಬ ಅಲ್ಲಿದ್ದ. ಲಕ್ಷಾಂತರ ಜನರ ಸಾವಿಗೆ ಸರ್ಕಾರಗಳು ಸಕಾರಣ ಕೊಡುತ್ತಿದ್ದ ಕಾಲವದು. ಹುಚ್ಚು ಯಾರದು? ತರ್ಕವನ್ನು ಬದಿಗಿಟ್ಟು ಕನಸು, ಒಳಮನಸ್ಸುಗಳ ಬಿಂಬಗಳನ್ನು ಹುಡುಕುವ ಅತಿವಾಸ್ತವವಾದದ (ಸರ್ರಿಯಲಿಸಂ) ಪ್ರಣಾಳಿಕೆಯನ್ನು ಬ್ರೆತೊನ್ 1924ರಲ್ಲಿ ಹೊರಡಿಸಿದ. ಅದಕ್ಕೆ ತರ್ಕದ ಮೇಲಿನ ಈ ಅಪನಂಬಿಕೆಯೇ ಜೀವಾಳ. ಮೊದಲ ಯುದ್ಧದಲ್ಲಿ ಜರ್ಮನ್ ಫಿರಂಗಿ ದಳದಲ್ಲಿದ್ದ ಈ ಪಂಥದ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್, ಎರಡನೆಯದರಲ್ಲಿ ಫ್ರಾನ್ಸಿನಲ್ಲೇ ಶತ್ರುವೆಂದು ಸೆರೆಯಾದ. 1940-42ರಲ್ಲಿ ಅವನು ಬರೆದ 'ಮಳೆಯ ನಂತರದ ಯುರೋಪ್' ಚಿತ್ರದಲ್ಲಿ, ಹಸಿ ಬಣ್ಣವನ್ನು ಒತ್ತಿ ಎತ್ತಿದಾಗ ತಾನಾಗಿ ಮೂಡುವ ರಂಧ್ರಗಳೇ ಕೊಳೆತ ನಾಡಾಗಿವೆ.

ನಾಜಿಗಳು 1937ರಲ್ಲಿ ಆಧುನಿಕ ಕಲೆಯನ್ನು 'ಹೀನಕಲೆ' ಎಂದು ಮ್ಯೂನಿಕ್‌ನಲ್ಲಿ ಪ್ರದರ್ಶಿಸಿ ಅವಮಾನಿಸಿದರು. ಅವರ ದಮನದಿಂದ ಪಾರಾಗಿ ಮುಂಬೈ ಸೇರಿದ ಮೂವರು ಇಲ್ಲಿನ ಕಲೆಯ ದಿಕ್ಕನ್ನು ತಿದ್ದಿದರು: ಚಿತ್ರಕಾರ ವಾಲ್ಟರ್ ಲ್ಯಾಂಗ್‌ಹ್ಯಾಮರ್, ವಿಮರ್ಶಕ ರೂಡಿ ಫಾನ್ ಲೈಡೆನ್, ಸಂಗ್ರಾಹಕ ಎಮಾನುಯೆಲ್ ಶ್ಲೆಸಿಂಗರ್. ಕ್ವಿಟ್ ಇಂಡಿಯಾ ಚಳವಳಿಗೆ ಇಳಿದಿದ್ದಕ್ಕೆ ಜೆ. ಜೆ. ಕಲಾಶಾಲೆಯಿಂದ ಹೊರಬಿದ್ದ ಗೋವಾದ ಎಫ್. ಎನ್. ಸೋಜಾ 1947ರಲ್ಲಿ ಗೆಳೆಯರೊಂದಿಗೆ ಪ್ರಗತಿಶೀಲ ಕಲಾವಿದರ ಬಳಗ ಕಟ್ಟಿದಾಗ ಬೆನ್ನಿಗೆ ನಿಂತವರೂ ಇವರೇ.

ಅದೇ 1947ರ ವಿಭಜನೆಯ ಗಲಭೆಯಲ್ಲಿ ಮುಂಬೈಯ ಮೊಹಮ್ಮದ್ ಅಲಿ ರಸ್ತೆಯ ಮನೆಯ ಕಿಟಕಿಯಿಂದ ಚಿತ್ರಕಾರ ತಯ್ಯಬ್ ಮೆಹ್ತಾ, ಜನರು ಯುವಕನೊಬ್ಬನನ್ನು ಬಡಿದು ಕೊಂದು, ಕಲ್ಲಿನಿಂದ ತಲೆ ಜಜ್ಜುವುದನ್ನು ಕಂಡರು. ಜ್ವರ ಹಿಡಿದು ಮಲಗಿದರು. ಆ ದೃಶ್ಯವನ್ನು ಅವರು ಎಂದೂ ಇದ್ದಂತೆ ಬರೆಯಲಿಲ್ಲ. ಬಾಂದ್ರಾದ ಕಸಾಯಿಖಾನೆಯಲ್ಲಿ ಕಾಲು ಕಟ್ಟಿ ಕೆಡವಿದ ಹೋರಿ, ನೆಲವೇ ಸಿಗದೆ ಬೀಳುವ ದೇಹ, ಮನುಷ್ಯನನ್ನು ಸೀಳಿ ಹಾಯುವ ಓರೆಗೆರೆ: ಬದುಕಿಡೀ ಇವನ್ನೇ ತಿರುತಿರುಗಿ ಬರೆದರು. ಮೆಹ್ತಾರನ್ನು ಅತಿವಾಸ್ತವವಾದಿ ಎನ್ನಲಾಗದು. ಆದರೆ ಕಂಡದ್ದನ್ನು ಕಂಡಂತೆ ಬರೆದರೆ ಅದು ಸುಳ್ಳಾಗುತ್ತದೆ ಎಂಬ ಸಂಕಟ ಅರ್ನ್ಸ್ಟ್‌ನದೂ ಹೌದು, ಇವರದೂ ಹೌದು. ಒಂದು ವ್ಯತ್ಯಾಸವಿದೆ. ಇಲ್ಲಿ ಕಲ್ಲೆತ್ತಿದವರು ಅದೇ ಬೀದಿಯ ಜನ.

1946ರಲ್ಲಿ ಕರಾಚಿಯಲ್ಲಿ ಹುಟ್ಟಿ, ವಿಭಜನೆಯಲ್ಲಿ ಊರು ಕಳೆದುಕೊಂಡ ಕುಟುಂಬದ ಕಲಾವಿದೆ ನಳಿನಿ ಮಲಾನಿ ಈ ಎಳೆಯನ್ನು ಇಂದಿನವರೆಗೂ ತಂದಿದ್ದಾರೆ. ಪಾರದರ್ಶಕ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು, ಸುರುಳಿ ಮಾಡಿ, ತಿರುಗಿಸಿ, ಬೆಳಕು ಹಾಯಿಸುತ್ತಾರೆ. ಪುರಾಣದ ಹೆಣ್ಣುಗಳು, ಮೃಗಗಳು, ಮುರಿದ ಮೈಗಳು ಗೋಡೆಯ ಮೇಲೆ ಒಂದರೊಳಗೊಂದು ಬೆರೆಯುತ್ತವೆ. 1998ರ ಪೋಖ್ರಣ್ ಅಣುಪರೀಕ್ಷೆಗೆ ಪ್ರತಿಕ್ರಿಯೆಯಾಗಿ ರೂಪಿಸಿದ ವಿಡಿಯೊ ಕೃತಿಯನ್ನು ಅವರು ಇಲ್ಲಿನ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. ಗ್ಯಾಲರಿಯ ಮೆಟ್ಟಿಲನ್ನೇ ಹತ್ತದ ಸಾಮಾನ್ಯ ಜನರಿಗೂ ಅದು ತಲುಪಬೇಕೆಂಬುದು ಅವರ ಆಸೆಯಾಗಿತ್ತು.